ಮೈಕ್ ಸೆಟ್‌ಗೆ ಗುರುತು ಹಾಕುವುದು ಹೇಗೆ: ಎಲ್ಲಿ ಚಿತ್ರ, ಎಲ್ಲಿ ಅಕ್ಷರ

ಊರಿನ ಸಮುದಾಯ ಭವನ, ಶಾಲೆ, ದೇವಸ್ಥಾನ, ಅಪಾರ್ಟ್‌ಮೆಂಟಿನ ಹಾಲ್ – ಎಲ್ಲಿ ಹೋದರೂ ಈಗ ಒಂದು ಮಿಕ್ಸರ್ (ಎಲ್ಲ ಮೈಕ್‌ಗಳ ಸದ್ದನ್ನು ಸೇರಿಸಿ ಹೊಂದಿಸುವ ಪೆಟ್ಟಿಗೆ), ಆ ಸದ್ದನ್ನು ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುವ ಒಂದು ಆಂಪ್ಲಿಫೈಯರ್, ನಾಲ್ಕೈದು ಮೈಕ್ ಇದ್ದೇ ಇರುತ್ತವೆ. ತಂದು ಜೋಡಿಸಿದವರಿಗೆ ಅದರ ಒಂದೊಂದು ನಾಬ್ ಕೂಡ ಗೊತ್ತು. ಆದರೆ ಕಾರ್ಯಕ್ರಮದ ದಿನ ಅವರು ಅಲ್ಲಿರುವುದಿಲ್ಲ. ಮಿಕ್ಸರ್ ಮುಂದೆ ನಿಲ್ಲುವುದು ಪಿ.ಟಿ. ಮೇಷ್ಟ್ರು, ಅರ್ಚಕರ ಮಗ, ಇಲ್ಲವೇ "ಸ್ವಲ್ಪ ನೋಡ್ಕೊಳಪ್ಪ" ಅಂತ ಹೇಳಿಸಿಕೊಂಡ ಯಾರೋ ಹುಡುಗ. ಮೈಕ್ ಕುಂಯ್ ಅಂದ ಕೂಡಲೇ ಅವರ ಕೈ ಎಲ್ಲಿಗೆ ಹೋಗಬೇಕು ಅಂತ ಹೇಳಲು ಅಲ್ಲಿರುವುದು ಪ್ಯಾನಲ್ ಮೇಲಿನ ಗುರುತು ಮಾತ್ರ.

ಆ ಗುರುತು ಚಿತ್ರ ಆಗಿರಬೇಕೋ, ಅಕ್ಷರ ಆಗಿರಬೇಕೋ? ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಮೊಬೈಲ್, ಟಿ.ವಿ. ರಿಮೋಟ್‌ಗಳಲ್ಲಿ ದಿನಾ ನೋಡಿ ರೂಢಿಯಾದ ಕೆಲಸಕ್ಕೆ ಚಿತ್ರ ಸಾಕು. ತಪ್ಪಿದರೆ ಏನಾದರೂ ಸುಟ್ಟುಹೋಗುವ ಅಥವಾ ಸಭೆಯೇ ನಿಂತುಹೋಗುವ ಕಡೆ ಅಕ್ಷರ ಬೇಕೇ ಬೇಕು. ಯಾವ ಮೈಕ್ ಯಾರದು ಅನ್ನುವುದನ್ನು ಯಾವ ಚಿತ್ರವೂ ಹೇಳಲಾರದು, ಅಲ್ಲಿ ಹೆಸರೇ ಬರೆಯಬೇಕು. ಈ ಲೆಕ್ಕವನ್ನು ನಿಮ್ಮ ಹಾಲಿನ ಸೆಟ್‌ಗೆ ಹೇಗೆ ಹೊಂದಿಸುವುದು ಅಂತ ಮುಂದೆ ಒಂದೊಂದಾಗಿ ಹೇಳುತ್ತೇನೆ. ಒಂದು ಮಧ್ಯಾಹ್ನದ ಬಿಡುವು, ಒಂದು ಪೇಪರ್ ಟೇಪ್, ಒಂದು ಕಪ್ಪು ಮಾರ್ಕರ್ ಇದ್ದರೆ ಶುರು ಮಾಡಬಹುದು.

ಮೊದಲು: ಮುಟ್ಟಬೇಕಾದ್ದು ಯಾವುದು ಅಂತ ಬೇರೆ ಮಾಡಿ

ಮಿಕ್ಸರ್ ಮುಂಭಾಗದ, ಹಿಂಭಾಗದ ಫೋಟೊ ತೆಗೆಯಿರಿ. ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಈಗ ಪೆನ್ನು ಹಿಡಿದು ಪ್ರತಿಯೊಂದು ನಾಬ್, ಬಟನ್ ಮೇಲೂ ಒಂದು ಗುರುತು ಹಾಕುತ್ತಾ ಬನ್ನಿ. ಯಾರು ಬೇಕಾದರೂ ಮುಟ್ಟುವಂಥದ್ದು ಒಂದು ಬಗೆ. ತಿಳಿದವರು ಮಾತ್ರ ಮುಟ್ಟುವಂಥದ್ದು ಇನ್ನೊಂದು. ಯಾರೂ ಮುಟ್ಟಬಾರದ್ದು ಮೂರನೆಯದು.

ಸಾಧಾರಣ ಮಿಕ್ಸರ್‌ನ ಒಂದು ಚಾನಲ್‌ನಲ್ಲಿ, ಅಂದರೆ ಒಂದು ಮೈಕ್‌ಗೆ ಸೇರಿದ ನಾಬ್‌ಗಳ ಸಾಲಿನಲ್ಲಿ, ಮೇಲಿಂದ ಕೆಳಗೆ ನೋಡಿ. ಗೇನ್, ಲೋ ಕಟ್, ಟ್ರೆಬಲ್, ಮಿಡ್, ಬಾಸ್, ಆಕ್ಸ್, ಎಫೆಕ್ಟ್, ಪ್ಯಾನ್, ಮ್ಯೂಟ್, ಪಿಎಫ್‌ಎಲ್, ಕೊನೆಗೆ ಫೇಡರ್. ಹನ್ನೊಂದು ಆಯಿತಲ್ವಾ? ಇದರಲ್ಲಿ ಭಾಷಣದ ದಿನ ನಿಲ್ಲುವ ಹುಡುಗನಿಗೆ ಬೇಕಾದ್ದು ಎರಡೇ: ಆ ಮೈಕ್ ಬಂದ್ ಮಾಡುವ ಮ್ಯೂಟ್ ಬಟನ್ ಮತ್ತು ಮೇಲೆ ಕೆಳಗೆ ಜಾರಿಸಿ ಸದ್ದು ಏರಿಸಿ ಇಳಿಸುವ ಫೇಡರ್. ಉಳಿದದ್ದಕ್ಕೆಲ್ಲ ಸುಮ್ನೆ ಲೇಬಲ್ ಅಂಟಿಸುತ್ತಾ ಹೋದರೆ ಈ ಎರಡು ಅದರ ನಡುವೆ ಕಳೆದುಹೋಗುತ್ತವೆ. ಗುರುತು ಹಾಕುವ ಕೆಲಸದಲ್ಲಿ ಅರ್ಧ ಪಾಲು, ಯಾವುದಕ್ಕೆ ಹಾಕಬಾರದು ಅಂತ ತೀರ್ಮಾನ ಮಾಡುವುದೇ. ಯಾರೂ ಮುಟ್ಟಬಾರದ ನಾಬ್‌ಗಳನ್ನು ಸರಿಯಾದ ಜಾಗಕ್ಕೆ ತಿರುಗಿಸಿಟ್ಟು, ಅದರ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿದರೂ ಆಯಿತು. ಗಾಳಿ ಆಡುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.

ಕಂಪನಿಯವರು ಹಾಕಿಕೊಟ್ಟ ಚಿತ್ರಗಳಲ್ಲಿ ಯಾವುದನ್ನು ನಂಬಬಹುದು?

ಕೆಲವು ಚಿತ್ರಗಳಿಗೆ ಹೆಸರು ಬರೆಯುವ ಅಗತ್ಯವೇ ಇಲ್ಲ. ಬಲಕ್ಕೆ ತಿರುಗಿದ ತ್ರಿಕೋನ ಅಂದರೆ ಹಾಡು ಶುರು, ಎರಡು ನಿಂತ ಗೆರೆ ಅಂದರೆ ತಡೆ, ಚೌಕ ಅಂದರೆ ನಿಲ್ಲಿಸು, ಕೆಂಪು ಚುಕ್ಕೆ ಅಂದರೆ ರೆಕಾರ್ಡಿಂಗ್. ಟೇಪ್ ರೆಕಾರ್ಡರ್ ಕಾಲದಿಂದ ಮೊಬೈಲ್ ತನಕ ಇವು ಬದಲಾಗಿಲ್ಲ. ಓದು ಬಾರದ ಅಜ್ಜಿಯೂ ಮೊಮ್ಮಗಳ ಮೊಬೈಲ್‌ನಲ್ಲಿ ಭಜನೆ ಹಾಕಿಕೊಳ್ಳುತ್ತಾರೆ. ಹೆಡ್‌ಫೋನ್ ಚಿತ್ರವೂ ಹಾಗೆಯೇ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಂಥ ಕಡೆ, ಕನ್ನಡ, ತೆಲುಗು, ತಮಿಳು, ಹಿಂದಿ ಮಾತಾಡುವವರೆಲ್ಲ ಒಂದೇ ಸೆಟ್ ಬಳಸುವಾಗ, ಇಂಥ ಚಿತ್ರಗಳೇ ನಿಜಕ್ಕೂ ಕೈಹಿಡಿಯುತ್ತವೆ.

ಪವರ್ ಗುರುತನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು. ಆಂಪ್ಲಿಫೈಯರ್ ಹಿಂದಿನ ಸ್ವಿಚ್‌ನಲ್ಲಿ ಒಂದು ಕಡೆ ನಿಂತ ಗೆರೆ, ಇನ್ನೊಂದು ಕಡೆ ಸೊನ್ನೆ ಇರುತ್ತದೆ. ಗೆರೆಯ ಕಡೆ ಒತ್ತಿದರೆ ಆನ್, ಸೊನ್ನೆಯ ಕಡೆ ಒತ್ತಿದರೆ ಆಫ್. ಗೋಡೆಯ ಸ್ವಿಚ್ ನಮ್ಮಲ್ಲಿ ಕೆಳಗೆ ಒತ್ತಿದರೆ ಆನ್ ಆಗುತ್ತದೆ. ಆ ಅಭ್ಯಾಸದಲ್ಲಿ ಇದನ್ನೂ ಕೆಳಗೆ ಒತ್ತಿ "ಆನ್ ಆಗ್ತಿಲ್ಲ" ಅನ್ನುವವರು ಬೇಕಾದಷ್ಟು ಜನ. ಆದ್ದರಿಂದ ಈ ಸ್ವಿಚ್ ಪಕ್ಕ "ಆನ್" ಅಂತ ಬರೆದೇ ಬಿಡಿ.

ಮುಂಭಾಗದ ಬಟನ್‌ನಲ್ಲಿ ಗೆರೆ ಮತ್ತು ವೃತ್ತ ಎರಡೂ ಸೇರಿರುತ್ತವೆ. ಇದರಲ್ಲೂ ಎರಡು ಬಗೆ. ಐಇಸಿ 60417 ಅನ್ನುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಪೂರ್ತಿ ವೃತ್ತದ ಒಳಗೆ ಗೆರೆ ಇದ್ದರೆ ಒಂದೇ ಬಟನ್‌ನಲ್ಲಿ ಆನ್-ಆಫ್ ಅಂತ ಅರ್ಥ. ವೃತ್ತದ ತಲೆ ಒಡೆದು ಅಲ್ಲಿ ಗೆರೆ ಇಳಿದಿದ್ದರೆ ಅದು ಸ್ಟ್ಯಾಂಡ್‌ಬೈ, ಅಂದರೆ ಯಂತ್ರ ನಿದ್ದೆ ಮಾಡುತ್ತದೆ, ಒಳಗೆ ಕರೆಂಟ್ ಇದ್ದೇ ಇರುತ್ತದೆ. 2004ರಲ್ಲಿ ಬಂದ ಐಇಇಇ 1621 ಅನ್ನುವ ಇನ್ನೊಂದು ಮಾನದಂಡ ಈ ಒಡೆದ ವೃತ್ತವನ್ನೇ ಎಲ್ಲ ಪವರ್ ಬಟನ್‌ಗೂ ಬಳಸಿ ಅಂದಿತು. ಹೀಗಾಗಿ ಇವತ್ತು ಆ ಚಿತ್ರ ನೋಡಿದ ಮಾತ್ರಕ್ಕೆ ಕರೆಂಟ್ ಪೂರ್ತಿ ಹೋಗಿದೆ ಅಂತ ಹೇಳಲು ಆಗುವುದಿಲ್ಲ. ವೈರ್ ಬಿಚ್ಚುವ ಮುಂಚೆ ಪ್ಲಗ್ ಕಿತ್ತಿರಬೇಕು. ಹಿಂಭಾಗದಲ್ಲಿ "ಮೊದಲು ಪ್ಲಗ್ ತೆಗೆಯಿರಿ" ಅಂತ ಒಂದು ಸಾಲು ಅಂಟಿಸುವುದು ಒಳ್ಳೆಯದು.

ಅಪಾಯದ ಚಿತ್ರಗಳ ಮೇಲೆ ಏನನ್ನೂ ಅಂಟಿಸಬೇಡಿ. ತ್ರಿಕೋನದೊಳಗೆ ಮಿಂಚು ಇದ್ದರೆ ಒಳಗೆ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇದೆ ಅಂತ. ತ್ರಿಕೋನದೊಳಗೆ ಉದ್ಗಾರ ಚಿಹ್ನೆ ಇದ್ದರೆ ಕೈಪಿಡಿಯಲ್ಲಿ ಮುಖ್ಯವಾದ ಸೂಚನೆ ಇದೆ ಅಂತ. ಒಂದರೊಳಗೊಂದು ಎರಡು ಚೌಕ ಇದ್ದರೆ ಆ ಯಂತ್ರಕ್ಕೆ ಅರ್ಥಿಂಗ್ ಇಲ್ಲದೆಯೇ ರಕ್ಷಣೆ ಆಗುವಂತೆ ಒಳಗೆ ಎರಡು ಪದರದ ಇನ್ಸುಲೇಶನ್ ಇದೆ. ಆ ಚೌಕಗಳು ಇಲ್ಲದೆ ಮೂರು ಪಿನ್ ಪ್ಲಗ್ ಬಂದಿದ್ದರೆ ಅರ್ಥ್ ಪಿನ್ ಇರಲೇಬೇಕು. "ಹುಂ ಅನ್ನೋ ಸದ್ದು ಬರುತ್ತೆ" ಅಂತ ಅರ್ಥ್ ಪಿನ್ ಮುರಿಯುವ ಚಾಳಿ ಎಷ್ಟೋ ಕಡೆ ಇದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಲೋಹದ ಮೈಕ್ ಹಿಡಿದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುವವರು ನಿಮ್ಮ ಮನೆಯವರೇ ಆಗಿರಬಹುದು.

ಮೋಸ ಮಾಡುವ ಚಿತ್ರಗಳು

ಕಷ್ಟ ಇರುವುದು ಇಲ್ಲಿ. ಮೊದಲನೆಯದು ಮ್ಯೂಟ್. ಮೈಕ್ ಚಿತ್ರದ ಮೇಲೆ ಅಡ್ಡ ಗೆರೆ ಎಳೆದ ಬಟನ್ ಇದೆ ಅಂದುಕೊಳ್ಳಿ. ಈಗ ಮೈಕ್ ಬಂದ್ ಆಗಿದೆ ಅಂತಲೋ, ಒತ್ತಿದರೆ ಬಂದ್ ಆಗುತ್ತದೆ ಅಂತಲೋ? ಚಿತ್ರ ಮಾತ್ರ ನೋಡಿದರೆ ಎರಡೂ ಸರಿಯೇ. ಹಾಡು ಹಾಕುವ ಬಟನ್‌ನಲ್ಲಿ ಮುಂದೆ ಏನಾಗುತ್ತದೆ ಅನ್ನುವುದನ್ನು ತೋರಿಸುತ್ತಾರೆ. ಹಾಡು ಬರುತ್ತಿರುವಾಗ ಕಾಣುವುದು ಎರಡು ಗೆರೆ. ಮ್ಯೂಟ್‌ನಲ್ಲಿ ಈಗ ಏನಾಗಿದೆ ಅನ್ನುವುದನ್ನು ತೋರಿಸುವುದೇ ಜಾಸ್ತಿ. ಒಂದೇ ಮೊಬೈಲ್‌ನಲ್ಲಿ ಎರಡೂ ರೀತಿ ನೋಡಿರುತ್ತೀರಿ.

ಮಿಕ್ಸರ್‌ಗಳಲ್ಲಿ ಇದು ಇನ್ನೂ ಗೊಂದಲ. ಯಮಾಹಾ ಡಿಜಿಟಲ್ ಮಿಕ್ಸರ್‌ಗಳಲ್ಲಿ ಪ್ರತಿ ಚಾನಲ್‌ಗೂ "ಆನ್" ಅನ್ನುವ ಬಟನ್ ಇರುತ್ತದೆ, ದೀಪ ಹತ್ತಿದರೆ ಆ ಮೈಕ್ ಕೇಳಿಸುತ್ತದೆ. ಬೆಹ್ರಿಂಗರ್ ಎಕ್ಸ್32ನಲ್ಲಿ ಅದೇ ಕೆಲಸಕ್ಕೆ "ಮ್ಯೂಟ್" ಬಟನ್, ಕೆಂಪು ದೀಪ ಹತ್ತಿದರೆ ಆ ಮೈಕ್ ಬಂದ್. ಎರಡೂ ಒಳ್ಳೆಯ ಯಂತ್ರಗಳೇ, ಎರಡು ಪದ್ಧತಿಗೂ ಅದರದೇ ಕಾರಣ ಇದೆ. ಆದರೆ ಒಂದರಲ್ಲಿ ಕೈ ಪಳಗಿದವರು ಇನ್ನೊಂದರ ಮುಂದೆ ನಿಂತರೆ ದೀಪ ನೋಡಿ ಉಲ್ಟಾ ತಿಳಿದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಯಂತ್ರದ ಮೇಲಿನ ಪದ ಏನೇ ಇರಲಿ, ಬಟನ್‌ಗಳ ಸಾಲಿನ ಪಕ್ಕ ಒಂದು ಪೂರ್ತಿ ವಾಕ್ಯ ಬರೆಯಿರಿ: "ಕೆಂಪು ದೀಪ ಹತ್ತಿದರೆ ಮೈಕ್ ಬಂದ್" ಅಥವಾ "ದೀಪ ಹತ್ತಿದರೆ ಮೈಕ್ ಚಾಲೂ". ಇಡೀ ಪ್ಯಾನಲ್‌ನಲ್ಲಿ ಒಂದೇ ಒಂದು ಲೇಬಲ್ ಅಂಟಿಸಲು ಅವಕಾಶ ಕೊಟ್ಟರೆ ನಾನು ಇದನ್ನೇ ಅಂಟಿಸುತ್ತೇನೆ.

ಎರಡನೆಯದು ಬಾಸ್ ಮತ್ತು ಟ್ರೆಬಲ್. ಯುರೋಪಿನ ಕೆಲವು ಹಳೆಯ ರೇಡಿಯೊಗಳಲ್ಲಿ ಇವಕ್ಕೆ ಪಾಶ್ಚಾತ್ಯ ಸ್ವರಲಿಪಿಯ ಸುರುಳಿ ಚಿಹ್ನೆಗಳನ್ನು ಹಾಕುತ್ತಿದ್ದರು. ಒಂದೇ ಪ್ಯಾನಲ್ ಹತ್ತು ಭಾಷೆಯ ದೇಶಗಳಲ್ಲಿ ಮಾರಾಟ ಆಗಬೇಕಿದ್ದ ಕಾಲ, ಪಿಯಾನೊ ಕಲಿತವರ ಮನೆಗಳು. ಅಲ್ಲಿಗೆ ಸರಿ. ಸರಿಗಮ ಬರೆದುಕೊಂಡು ಸಂಗೀತ ಕಲಿಯುವ ನಮ್ಮವರಿಗೆ ಆ ಸುರುಳಿಗಳಿಂದ ಏನೂ ತಿಳಿಯುವುದಿಲ್ಲ. "ಬಾಸ್", "ಟ್ರೆಬಲ್" ಅಂತ ಕನ್ನಡದಲ್ಲಿ ಬರೆದರೆ ಆಟೊ ಓಡಿಸುವವರಿಗೂ ಗೊತ್ತಾಗುತ್ತದೆ.

ಮೂರನೆಯದು ಹೆಡ್‌ಫೋನ್ ಚಿತ್ರದ್ದೇ ತಮ್ಮ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನ್ ಚಿತ್ರದ ಕೆಳಗೆ ಸಣ್ಣ ಮೈಕ್ ಕಡ್ಡಿ ಇರುತ್ತದೆ. ಆ ಕಡ್ಡಿ ಇದ್ದರೆ ಒಂದೇ ತೂತಿನಲ್ಲಿ ಕೇಳುವುದೂ ಮಾತಾಡುವುದೂ ಎರಡೂ ಇದೆ ಅಂತ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬಣ್ಣವೇ ಗುರುತು: ಗುಲಾಬಿ ಮೈಕ್‌ಗೆ, ಹಸಿರು ಸ್ಪೀಕರ್‌ಗೆ, ತಿಳಿನೀಲಿ ಹೊರಗಿನಿಂದ ಒಳಬರುವ ಸದ್ದಿಗೆ. ಮಿಕ್ಸರ್‌ಗೆ ವೈರ್ ಹೋಗಬೇಕಾದ್ದು ಹಸಿರಿನಿಂದ. ನಿಮ್ಮ ಹಾಲ್‌ನಲ್ಲಿ ಪ್ರಾರ್ಥನೆ, ನಾಡಗೀತೆ ಹಾಕಲು ಒಂದು ಕಂಪ್ಯೂಟರ್ ಇದ್ದರೆ ವೈರ್‌ನ ಎರಡೂ ತುದಿಗೆ "ಕಂಪ್ಯೂಟರ್ ಹಾಡು" ಅಂತ ಪೇಪರ್ ಟೇಪ್ ಬಾವುಟ ಕಟ್ಟಿಬಿಡಿ.

ಇದೆಲ್ಲದರ ನಡುವೆ ಒಂದು ಜಾತಿಯ ಚಿತ್ರವನ್ನು ನಾನು ಬಹಳ ಮೆಚ್ಚುತ್ತೇನೆ. ಮೈಕ್ ಮೈಮೇಲೆ ಹೃದಯದ ಆಕಾರದ ಸಣ್ಣ ಗುರುತು ಇರುತ್ತದಲ್ಲ, ಅದು. ಆ ಮೈಕ್‌ಗೆ ಸುತ್ತಲೂ ಎಲ್ಲಿಂದ ಎಷ್ಟು ಕೇಳಿಸುತ್ತದೆ ಅನ್ನುವುದರ ನಕ್ಷೆಯೇ ಅದು. ಉಬ್ಬಿದ ಕಡೆ ಬಾಯಿ ಇರಬೇಕು, ಒಳಗೆ ಸರಿದ ಕಡೆ ಸ್ಪೀಕರ್ ಬಾಕ್ಸ್ ಇರಬೇಕು. ನ್ಯೂಮನ್ ಯು 87ನಂಥ ಸ್ಟುಡಿಯೊ ಮೈಕ್‌ನಲ್ಲಿ ವೃತ್ತ, ಹೃದಯ, ಎಂಟರ ಆಕಾರ ಮೂರೂ ಇದ್ದು, ಬೇಕಾದ್ದಕ್ಕೆ ಬದಲಾಯಿಸಿಕೊಳ್ಳಬಹುದು. ಅಷ್ಟು ಸಂಗತಿಯನ್ನು ಮಾತಿನಲ್ಲಿ ಬರೆಯಲು ಹೋದರೆ ಮೈಕ್ ಮೇಲೆ ಜಾಗ ಸಾಲದು. ಚಿತ್ರ ವಿಷಯದ ನಕ್ಷೆಯೇ ಆಗಿದ್ದಾಗ ಅದರ ಮುಂದೆ ಅಕ್ಷರ ನಿಲ್ಲುವುದಿಲ್ಲ. ಹುಡುಗರಿಗೆ ಒಂದು ಸಲ ಈ ಹೃದಯ ತೋರಿಸಿ ವಿವರಿಸಿ, ಮೈಕ್ ಕುಂಯ್ ಅನ್ನುವುದು ಎಷ್ಟೋ ಕಡಿಮೆ ಆಗುತ್ತದೆ.

ಅಕ್ಷರದಲ್ಲೇ ಬರೆಯಬೇಕಾದವು

48 ವೋಲ್ಟ್ ಬಟನ್: ಇದು ಕಂಡೆನ್ಸರ್ ಮೈಕ್‌ಗೆ (ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುವ ಬಗೆಯ ಮೈಕ್) ಮೈಕ್ ವೈರ್‌ನಲ್ಲೇ ಕರೆಂಟ್ ಕಳಿಸುವ ಸ್ವಿಚ್. ಚಿಕ್ಕ ಮಿಕ್ಸರ್‌ಗಳಲ್ಲಿ ಎಲ್ಲ ಮೈಕ್‌ಗೂ ಸೇರಿ ಒಂದೇ ಇರುತ್ತದೆ. ಫೇಡರ್ ಮೇಲಿದ್ದಾಗ ಇದನ್ನು ಒತ್ತಿದರೆ ಸ್ಪೀಕರ್ ಢಂ ಅನ್ನುತ್ತದೆ. "48 ವೋಲ್ಟ್ – ಸದ್ದು ಪೂರ್ತಿ ಇಳಿಸಿ ಒತ್ತಿ" ಅಂತ ಬರೆಯಿರಿ. ಇದಕ್ಕೆ ಚಿತ್ರ ಹುಡುಕುವ ಗೋಜಿಗೆ ಹೋಗಬೇಡಿ.

ಆಂಪ್ಲಿಫೈಯರ್ ಹಿಂದಿನ ಸ್ಪೀಕರ್ ಟರ್ಮಿನಲ್‌ಗಳು ಇದಕ್ಕಿಂತ ಮುಖ್ಯ. ನಮ್ಮ ಸಭೆಗಳಲ್ಲಿ ಬಳಸುವ ಆಂಪ್ಲಿಫೈಯರ್‌ಗಳಲ್ಲಿ ಕಾಮನ್, 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್ ಅಂತ ಒಂದು ಸಾಲು ಇರುತ್ತದೆ. ಉದ್ದ ವೈರ್ ಎಳೆದು ಅನೇಕ ಹಾರ್ನ್, ಕಾಲಂ ಸ್ಪೀಕರ್‌ಗಳನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸುವುದು 100 ವೋಲ್ಟ್‌ಗೆ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಬಾಕ್ಸ್ ತಂದು ಅಲ್ಲಿ ಸಿಕ್ಕಿಸಿದರೆ ಬಾಕ್ಸ್ ಸುಡಬಹುದು, ಆಂಪ್ಲಿಫೈಯರ್‌ಗೂ ಏಟು ಬೀಳಬಹುದು. ಇಲ್ಲಿ ಸ್ಪೀಕರ್ ಚಿತ್ರ ಅಂಟಿಸಿದರೆ ಎರಡು ಬಗೆಯ ಸ್ಪೀಕರ್‌ಗೂ ಒಂದೇ ಚಿತ್ರ ಆಗುತ್ತದೆ! ಪ್ರತಿ ವೈರ್‌ಗೆ ಚೀಟಿ ಕಟ್ಟಿ: "ಹೊರಗಿನ ಹಾರ್ನ್ – 100 ವೋಲ್ಟ್", "ವೇದಿಕೆ ಬಾಕ್ಸ್ – 8 ಓಮ್". ಟರ್ಮಿನಲ್ ಪಕ್ಕದಲ್ಲೂ ಅದನ್ನೇ ಬರೆಯಿರಿ. ಚೀಟಿ ಮತ್ತು ಟರ್ಮಿನಲ್ ಓದಿ ಹೊಂದಿಸಿದರೆ ಕೆಲಸ ಮುಗಿಯಿತು.

ಮೈಕ್ ಸಾಕೆಟ್‌ನಲ್ಲೂ ಮೈಕ್, ಲೈನ್ ಅಂತ ಎರಡು ಇರುತ್ತವೆ. ಮೈಕ್‌ನಿಂದ ಬರುವುದು ಕೆಲವು ಮಿಲಿವೋಲ್ಟ್, ಮಿಕ್ಸರ್ ಅಥವಾ ಕೀಬೋರ್ಡ್‌ನಿಂದ ಬರುವುದು ಹೆಚ್ಚು ಕಡಿಮೆ ಒಂದು ವೋಲ್ಟ್ ಆಸುಪಾಸು. ಕೀಬೋರ್ಡನ್ನು ಮೈಕ್ ತೂತಿಗೆ ಹಾಕಿದರೆ ಸದ್ದು ಒಡೆಯುತ್ತದೆ. "ಮೈಕ್ ಮಾತ್ರ", "ಕೀಬೋರ್ಡ್, ಕಂಪ್ಯೂಟರ್" ಅಂತ ಬರೆದರೆ ಸಾಕು.

ಚಾನಲ್ ಹೆಸರುಗಳಿಗೆ ಯಂತ್ರದ ಭಾಷೆ ಬಿಟ್ಟು ಹಾಲಿನ ಭಾಷೆ ಬಳಸಿ. "ಮೈಕ್ 3" ಅನ್ನುವುದಕ್ಕಿಂತ "ನಿರೂಪಕರು", "ಅಧ್ಯಕ್ಷರು", "ಹಾರ್ಮೋನಿಯಂ", "ಚಂಡೆ", "ಅರ್ಚಕರು" ಅಂತ ಇರಲಿ. ಅಧ್ಯಕ್ಷರು ಮಾತಾಡಲು ಎದ್ದರು ಅಂದರೆ ಆ ಹೆಸರಿನ ಫೇಡರ್ ಏರಿಸಿದರಾಯಿತು. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಹೆಸರು ಬದಲಾಗುವುದರಿಂದ ಇದನ್ನು ಫೇಡರ್‌ಗಳ ಬುಡದಲ್ಲಿ ಉದ್ದಕ್ಕೆ ಎಳೆದ ಪೇಪರ್ ಟೇಪ್ ಮೇಲೆ ಬರೆಯಿರಿ. ಆವತ್ತೇ ಕಿತ್ತುಹಾಕಿ, ಬಿಸಿಲಿಗೆ ಬಿಟ್ಟರೆ ಗೋಂದು ಉಳಿದು ಗಲೀಜಾಗುತ್ತದೆ. ಹೊರದೇಶದ ಕನ್ನಡ ಕೂಟದವರು ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡುವಾಗಲೂ ಇದೇ ಟೇಪ್ ಸಾಕು, ಹಾಲ್‌ನವರನ್ನು ಒಂದು ಮಾತು ಕೇಳಿಕೊಂಡು ಅಂಟಿಸಿ.

ಕನ್ನಡದಲ್ಲಿ ಬರೆಯುವಾಗ ಅಳತೆ ನೋಡಿಕೊಳ್ಳಿ

ಓದುವ ದೂರವನ್ನು 200ರಿಂದ ಭಾಗಿಸಿದರೆ ಅಕ್ಷರದ ಎತ್ತರ ಸಿಗುತ್ತದೆ ಅನ್ನುವುದು ಬೋರ್ಡ್ ಬರೆಯುವ ಕಡೆ ಬಳಕೆಯಲ್ಲಿರುವ ಒಂದು ಲೆಕ್ಕ. 60 ಸೆಂ.ಮೀ. ದೂರದಿಂದ ಓದಲು 3 ಮಿ.ಮೀ. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಸರಿ. ಕನ್ನಡದಲ್ಲಿ ಆ 3 ಮಿ.ಮೀ. ನಡುವಿನ ಅಕ್ಷರಕ್ಕೇ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಸೇರಿದರೆ ಸಾಲಿಗೆ ಸುಮಾರು ಎರಡು ಪಟ್ಟು ಜಾಗ ಹಿಡಿಯುತ್ತದೆ. ವೇದಿಕೆಯ ಕತ್ತಲಲ್ಲಿ ಇನ್ನೂ ಸ್ವಲ್ಪ ದೊಡ್ಡದೇ ಇರಲಿ. 12 ಮಿ.ಮೀ. ಅಗಲದ ಟೇಪ್‌ನಲ್ಲಿ ಒಂದೇ ಸಾಲು ಬರೆಯಿರಿ, ಎರಡು ಸಾಲು ತುರುಕಬೇಡಿ.

ಸಣ್ಣದಾಗಿ ಬರೆದಾಗ ಪ, ಷ, ಫ ಒಂದೇ ಥರ ಕಾಣುತ್ತವೆ. ದ, ಧ ನಡುವಿನ ಸೀಳು ಮಾಯ ಆಗುತ್ತದೆ. "ಸ್ಟ್ಯಾಂಡ್" ಅನ್ನುವ ಪದದಲ್ಲಿ ಒಂದೇ ಅಕ್ಷರದ ಬುಡಕ್ಕೆ ಎರಡು ಒತ್ತು ನೇತಾಡುತ್ತವೆ, ದಪ್ಪ ಮಾರ್ಕರ್‌ನಲ್ಲಿ ಬರೆದರೆ ಅದೊಂದು ಮಸಿ ಉಂಡೆ. ಅಂಥ ಕಡೆ "ನಿಂತ ಮೈಕ್" ಅಂತ ಹಗುರ ಪದ ಹಾಕಿ. ಹೊಳೆಯುವ ಟೇಪ್ ಬೇಡ, ವೇದಿಕೆ ದೀಪ ಬಿದ್ದರೆ ಏನೂ ಓದಲಾಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಸಿದರೆ ದಪ್ಪ ಅಕ್ಷರದ ಫಾಂಟ್ ಕೇಳಿ ಹಾಕಿಸಿ.

ಲೇಬಲ್ ನಾಬ್‌ನ ಮೇಲ್ಗಡೆ ಇರಲಿ. ಕೆಳಗೆ ಅಂಟಿಸಿದರೆ ತಿರುಗಿಸುವ ಕೈಯೇ ಅದನ್ನು ಮುಚ್ಚಿಬಿಡುತ್ತದೆ.

ಅಂಕಿ, ಬಣ್ಣ, ಉಬ್ಬು ಚುಕ್ಕೆ

ಚಿತ್ರವೂ ಅಲ್ಲದ, ಪದವೂ ಅಲ್ಲದ ಗುರುತುಗಳು ಕೆಲವು ಕೆಲಸಕ್ಕೆ ಎರಡಕ್ಕಿಂತ ಚೆನ್ನ. ಆನ್ ಮಾಡುವ ಕ್ರಮ ನೋಡಿ. ಮೊದಲು ಕಂಪ್ಯೂಟರ್ ಮತ್ತು ಕಾರ್ಡ್‌ಲೆಸ್ ಮೈಕ್ ರಿಸೀವರ್, ಆಮೇಲೆ ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇದು ತಪ್ಪಿದರೆ ಸ್ಪೀಕರ್ ಢಬ್ ಅನ್ನುತ್ತದೆ. ಸ್ವಿಚ್‌ಗಳ ಮೇಲೆ ದೊಡ್ಡದಾಗಿ 1, 2, 3 ಅಂತ ಬರೆದು, ಪಕ್ಕದಲ್ಲಿ "ಆನ್ 1-2-3, ಆಫ್ 3-2-1" ಅಂತ ಹಾಕಿ. ಮಕ್ಕಳೂ ತಪ್ಪುವುದಿಲ್ಲ.

ಮೈಕ್‌ನ ಬುಡಕ್ಕೆ ಬಣ್ಣದ ಟೇಪ್ ಸುತ್ತಿ, ಅದೇ ಬಣ್ಣವನ್ನು ಅದರ ಫೇಡರ್ ಮೇಲೂ ಅಂಟಿಸಿ. ವೇದಿಕೆಯಲ್ಲಿ ಹಳದಿ ಮೈಕ್ ಎತ್ತಿದರೆ ಇಲ್ಲಿ ಹಳದಿ ಫೇಡರ್. ಆದರೆ ಬಣ್ಣವೊಂದನ್ನೇ ನಂಬಬೇಡಿ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದವರು ಇರುತ್ತಾರೆ, ಹೆಚ್ಚಿನವರು ಗಂಡಸರು. ವೇದಿಕೆಯ ಬಣ್ಣದ ದೀಪದಲ್ಲಂತೂ ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಬಣ್ಣದ ಮೇಲೆ ಒಂದು ಅಂಕಿಯೂ ಇರಲಿ.

ಮಾಮೂಲಿ ಭಾಷಣಕ್ಕೆ ಫೇಡರ್ ಎಲ್ಲಿರಬೇಕೋ ಅಲ್ಲಿ ಒಂದು ಸಣ್ಣ ಬಾಣದ ಸ್ಟಿಕರ್ ಹಚ್ಚಿ. "ಎಷ್ಟು ಏರಿಸಬೇಕು?" ಅನ್ನುವ ಪ್ರಶ್ನೆಯೇ ಹೋಗುತ್ತದೆ. ಬಾಣದ ಜಾಗದಲ್ಲಿ ಉಬ್ಬಿದ ಚುಕ್ಕೆ ಹಚ್ಚಿದರೆ ಕಣ್ಣು ಕಾಣದವರಿಗೂ, ಕರೆಂಟ್ ಹೋಗಿ ಜನರೇಟರ್ ಶುರು ಆಗುವ ನಡುವಿನ ಕತ್ತಲಲ್ಲಿ ಎಲ್ಲರಿಗೂ ಉಪಯೋಗ. ದೃಷ್ಟಿ ಇಲ್ಲದ ಸಂಗೀತಗಾರರು, ಆಪರೇಟರ್‌ಗಳು ಬರುವ ಹಾಲ್ ನಿಮ್ಮದಾದರೆ, ಚಾನಲ್ ಹೆಸರನ್ನು ಕನ್ನಡ ಬ್ರೈಲ್‌ನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಚುಚ್ಚಿಸಿ ಅಂಟಿಸಬಹುದು. ಬ್ರೈಲ್ ಸ್ಲೇಟ್ ಇರುವ ಯಾರಾದರೂ ಇದನ್ನು ಸಂತೋಷದಿಂದ ಮಾಡಿಕೊಡುತ್ತಾರೆ.

ಅಂಟಿಸುವ ಮುಂಚೆ ಪರೀಕ್ಷೆ

ಎಲ್ಲವನ್ನೂ ಮೊದಲು ಪೇಪರ್ ಟೇಪ್‌ನಲ್ಲೇ ಮಾಡಿ. ಆಮೇಲೆ ಈ ಸೆಟ್ ಎಂದೂ ಮುಟ್ಟದ ಐದಾರು ಜನರನ್ನು ಒಬ್ಬೊಬ್ಬರಾಗಿ ಕರೆಯಿರಿ. ಆಫೀಸಿನ ಅಕ್ಕ ಬರಲಿ, ಎಂಟನೇ ಕ್ಲಾಸಿನ ಹುಡುಗಿ ಬರಲಿ, ಕಮಿಟಿಯ ಹಿರಿಯರು ಬರಲಿ. "ಈ ಚಿತ್ರ ಅರ್ಥ ಆಗುತ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಕೆಲಸ ಹೇಳಿ: "ಅಧ್ಯಕ್ಷರ ಮೈಕ್ ಬಂದ್ ಮಾಡಿ." "ಹಾಡಿನ ಸದ್ದು ಸ್ವಲ್ಪ ತಗ್ಗಿಸಿ." "ನಿರೂಪಕರ ಮೈಕ್ ಈಗ ಚಾಲೂ ಇದೆಯೋ ಇಲ್ಲವೋ?" ಅವರ ಬಾಯಿಗಿಂತ ಕೈ ನೋಡಿ. ಕೈ ಎಲ್ಲಿ ತಡವರಿಸಿತೋ ಆ ಲೇಬಲ್ ಸರಿ ಇಲ್ಲ.

ಅಮೆರಿಕದಲ್ಲಿ ಅಪಾಯ ಸೂಚಿಸುವ ಚಿತ್ರಗಳಿಗೆ ಎಎನ್‌ಎಸ್‌ಐ ಝಡ್535.3 ಅನ್ನುವ ಮಾನದಂಡ ಇದೆ. ಪರೀಕ್ಷೆಯಲ್ಲಿ 85% ಜನ ಸರಿಯಾಗಿ ಹೇಳಬೇಕು, ಜೊತೆಗೆ ಉಲ್ಟಾ ಅರ್ಥ ಮಾಡಿಕೊಂಡವರು 5% ಮೀರಬಾರದು ಅಂತ ಅದು ಕೇಳುತ್ತದೆ. ಆ ಎರಡನೇ ಮಾತು ನಮಗೆ ಜಾಸ್ತಿ ಬೇಕು. ಅರ್ಥ ಆಗದ ಚಿತ್ರ ನೋಡಿದವರು ಯಾರನ್ನಾದರೂ ಕೇಳುತ್ತಾರೆ. ಉಲ್ಟಾ ಅರ್ಥ ಆದವರು ಧೈರ್ಯವಾಗಿ ತಪ್ಪು ಬಟನ್ ಒತ್ತುತ್ತಾರೆ. ನಿಮ್ಮ ಐದಾರು ಜನರಲ್ಲಿ ಒಬ್ಬರು ಉಲ್ಟಾ ಮಾಡಿದರೂ ಆ ಚಿತ್ರ ತೆಗೆದು ಅಕ್ಷರ ಹಾಕಿ.

ಎಲ್ಲ ಸರಿಹೋದ ಮೇಲೆ ಪಕ್ಕಾ ಲೇಬಲ್ ಮಾಡಿಸಿ. ಪ್ಯಾನಲ್ ಫೋಟೊ ಮತ್ತೆ ತೆಗೆದು, ಮುಟ್ಟುವ ಬಟನ್‌ಗಳಿಗೆ ಮಾತ್ರ ಬಾಣ ಹಾಕಿ, ಲ್ಯಾಮಿನೇಶನ್ ಮಾಡಿಸಿ, ಮಿಕ್ಸರ್ ಟೇಬಲ್‌ಗೆ ದಾರ ಕಟ್ಟಿ ನೇತುಹಾಕಿ. ಅದರ ಮೂಲೆಯಲ್ಲಿ ತಾರೀಖು ಬರೆಯಿರಿ. ನಾಳೆ ಹೊಸ ಮೈಕ್ ಬಂದರೆ, ಆಂಪ್ಲಿಫೈಯರ್ ರಿಪೇರಿಗೆ ಹೋಗಿ ಬೇರೆಯದು ಬಂದರೆ, ಹಳೆಯ ಹಾಳೆಯನ್ನು ಆವತ್ತೇ ಕಿತ್ತುಹಾಕಬೇಕು. ಹಾಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೋ ಅವರಿಗೇ ಈ ಹಾಳೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ವಹಿಸಿಬಿಡಿ.